ಕೈ ಮೇಲೆ ಕೂರಿಸುವ ಮೇಷ್ಟ್ರು

ಪೈಲಟ್‌ಗಳ ತರಬೇತಿಗೆಂದು ಕಟ್ಟಿದ ನಕಲಿ ಕಾಕ್‌ಪಿಟ್‌ನಲ್ಲಿ ನಮ್ಮ ಮೇಷ್ಟ್ರದೇ ದರ್ಬಾರು. ಹಾರಾಟ ಸುಗಮವಾಗಿದೆ ಎನ್ನುವಷ್ಟರಲ್ಲಿ ಎಂಜಿನ್ನಿಗೆ ಸುಳ್ಳು ಬೆಂಕಿ ಹಚ್ಚಿ, ಗಂಟೆ ಬಾರಿಸಿ, ಹಿಂದೆ ಕೂತು ಹಾಯಾಗಿ ಕಾಫಿ ಹೀರುತ್ತಾರೆ. ಗಾಬರಿಯಲ್ಲಿ ಯಾರಾದರೂ ಗುಂಡಿಯತ್ತ ಕೈ ಚಾಚಿದರೆ ಸಾಕು, "ಮೊದಲು ಕೈ ಮೇಲೆ ಕೂತ್ಕೊಳ್ಳಪ್ಪ!" ಎಂದು ಗುಡುಗುತ್ತಾರೆ. ಇಪ್ಪತ್ತು ವರ್ಷ ವಿಮಾನ ಹಾರಿಸಿದ ಕ್ಯಾಪ್ಟನ್ನರೂ ಅಂಗೈಗಳನ್ನು ತೊಡೆಯಡಿ ಇಟ್ಟು, ಎದುರಿನ ಫಲಕದಲ್ಲಿ ಉರಿಯುವ ಎಚ್ಚರಿಕೆ ದೀಪಗಳನ್ನು ಗಟ್ಟಿಯಾಗಿ ಎಣಿಸಲೇಬೇಕು. "ಎಷ್ಟು?" "ಒಂದು ಸರ್, ಕೆಂಪು." "ಪಕ್ಕದಲ್ಲಿರೋ ಹಳದೀನ ನಿಮ್ಮಜ್ಜ ಬಂದು ನೋಡ್ತಾರಾ? ಹೆದರಿದವನಿಗೆ ಒಂದೇ ದೀಪ ಕಾಣೋದು." ಮೊನ್ನೆ ಹೊಸ ಪೈಲಟ್ ಒಬ್ಬಳು, "ನಿಮಗೂ ಹಾಗಾಗಿತ್ತಾ ಸರ್?" ಎಂದು ಕೇಳಿಯೇಬಿಟ್ಟಳು. ಮೇಷ್ಟ್ರು ಲೋಟ ಕೆಳಗಿಟ್ಟರು. "ಹಳದಿ, ಹಳದಿ ಅಂತ ನನ್ನ ಸಹಪೈಲಟ್ ಮೂರು ಸಲ ಕೂಗಿದ್ದ. ನನಗದು ಕೇಳಿಸಿದ್ದು ಇಳಿದ ಮೇಲೆ, ಕಾಕ್‌ಪಿಟ್‌ನ ರೆಕಾರ್ಡಿಂಗ್‌ನಲ್ಲಿ."