ಚಾಲಕರಿಲ್ಲದ ರೈಲಿಗೂ ಪಾಠ ಹೇಳಿದ ಮೇಷ್ಟ್ರು

ನಗರ ಸಾರಿಗೆಯ ಕ್ಷೇತ್ರದಲ್ಲಿ ಹೊಸ ಯಂತ್ರಗಳನ್ನು ತಂದವರ ಹೆಸರುಗಳು ಉದ್ಘಾಟನೆಯ ಫಲಕಗಳಲ್ಲಿ ಉಳಿಯುತ್ತವೆ. ಆ ಯಂತ್ರಗಳು ಬಂದಾಗ ಹಳೆಯ ಕೈಗಳಲ್ಲಿದ್ದ ತಿಳಿವಳಿಕೆಯೂ, ಆ ಕೈಗಳ ಅನ್ನವೂ ಕಳೆದುಹೋಗದಂತೆ ನೋಡಿಕೊಂಡವರ ಹೆಸರುಗಳು ಹೆಚ್ಚೆಂದರೆ ಹಾಜರಿ ಪುಸ್ತಕಗಳಲ್ಲಿ ಉಳಿಯುತ್ತವೆ. ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು ಎರಡನೆಯ ಗುಂಪಿಗೆ ಸೇರಿದವರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೆ ನಮ್ಮ ಮೆಟ್ರೋ ಮಾರ್ಗದಲ್ಲಿ ರೈಲು ಓಡಿಸಿದ ಅರವತ್ತೆರಡು ಮಂದಿಯಲ್ಲಿ ಅವರ ಕೈಕೆಳಗೆ ಪಳಗದವರು ಒಬ್ಬರೂ ಇಲ್ಲವಾದ್ದರಿಂದ ಆ ಹೆಸರು ತಾನಾಗಿ ಅಂಟಿಕೊಂಡಿತು.

ಅವರ ಈ ಅಭಿನಂದನ ಗ್ರಂಥದ ಸಂಪಾದಕರು ಮೂರು ಸಲ ನೆನಪಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ನನ್ನ ಪಾಳಿಯೂ ಇಬ್ಬರು ಮಕ್ಕಳ ಪರೀಕ್ಷೆಗಳೂ ಕಾರಣ. ಹೇಳಲು ಏನೂ ಇರಲಿಲ್ಲವೆಂದಲ್ಲ.

ಮೇಷ್ಟ್ರು ಮೆಕ್ಯಾನಿಕ್ ಪರೀಕ್ಷೆ ಪಾಸು ಮಾಡಿ ಡಿಪೋದ ರಿಪೇರಿ ವಿಭಾಗಕ್ಕೆ ಸೇರಿದವರು. ನಾಲ್ಕು ವರ್ಷ ಚಕ್ರ, ಬ್ರೇಕುಗಳ ನಡುವೆ ಕೆಲಸ ಮಾಡಿ, ಆಮೇಲೆ ಚಾಲಕರಾಗಿ, ಹನ್ನೆರಡು ವರ್ಷ ಒಂದೂ ದೂರಿಲ್ಲದೆ ರೈಲು ಓಡಿಸಿ, ಕೊನೆಗೆ ತರಬೇತಿ ಮುಖ್ಯಸ್ಥರಾದರು. ನಾನು ಅವರ ಕೈಗೆ ಸಿಕ್ಕಿದ್ದು ಹತ್ತು ವರ್ಷಗಳ ಹಿಂದೆ, ಚಾಲಕರ ಕೊನೆಯ ತಂಡದಲ್ಲಿ. ಮೊದಲ ವಾರ ನಾನು ನಿಲ್ಲಿಸಿದ ರೈಲು ಗುರುತಿನ ಗೆರೆಗಿಂತ ಎರಡು ಮೀಟರ್ ಹಿಂದೆಯೇ ನಿಂತಿತು. ವರದಿ ಬರೆಯುತ್ತಾರೆಂದುಕೊಂಡೆ. ಅವರು ನನ್ನನ್ನು ಪ್ಲಾಟ್‌ಫಾರ್ಮಿಗೆ ಇಳಿಸಿ, ರೈಲಿನ ಮೂತಿಯಿಂದ ಗೆರೆಯವರೆಗೆ ನಡೆಸಿದರು. ಮತ್ತೆ ವಾಪಸ್ಸು ನಡೆಸಿದರು. “ಎಷ್ಟು ದೂರ ಅಂತ ಕಾಲಿಗೆ ಗೊತ್ತಾಗಲಮ್ಮಾ. ಕಾಗದಕ್ಕೆ ಗೊತ್ತಾಗಿ ಏನು ಉಪಯೋಗ?” ಎಂದರು. ಅಲ್ಲಿಂದ ಮುಂದೆ ನಾನು ಗೆರೆ ತಪ್ಪಲಿಲ್ಲ.

ಆಗ ನನ್ನ ಚಿಕ್ಕವನಿನ್ನೂ ಹುಟ್ಟಿರಲಿಲ್ಲ. ದೊಡ್ಡವಳು ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಅವಳಿಗೆ ಜ್ವರವೆಂದು ಫೋನು ಬಂದ ದಿನಗಳಲ್ಲಿ ನನ್ನ ಸಂಜೆಯ ಎರಡು ಸುತ್ತುಗಳನ್ನು ಮೇಷ್ಟ್ರೇ ಓಡಿಸಿದ್ದುಂಟು. ಮರುದಿನ ಅದರ ಸುದ್ದಿಯೇ ಎತ್ತುತ್ತಿರಲಿಲ್ಲ. “ಜ್ವರ ಇಳೀತಾ? ಹಾಗಾದ್ರೆ ನೀನು ಏನಾದ್ರೂ ತಿಂದು ಗಾಡಿ ಹತ್ತು. ಹಸಿದ ಹೊಟ್ಟೆ ಸಿಗ್ನಲ್ ನೋಡಲ್ಲ” ಎನ್ನುವುದಷ್ಟೇ ಅವರ ವಿಚಾರಣೆ.

ಏಳು ವರ್ಷಗಳ ಹಿಂದೆ ನಮ್ಮ ಮಾರ್ಗವನ್ನು ಪೂರ್ತಿ ಸ್ವಯಂಚಾಲಿತಗೊಳಿಸುವ ಆದೇಶ ಬಂತು. ಅರವತ್ತೆರಡು ಚಾಲಕರಿಗೆ ನಿಯಂತ್ರಣ ಕೊಠಡಿಯಲ್ಲೂ ನಿಲ್ದಾಣಗಳಲ್ಲೂ ಸೇರಿ ನಲವತ್ತು ಹುದ್ದೆಗಳೆಂದು ಅದರಲ್ಲೇ ಬರೆದಿತ್ತು. ಸೇವಾ ಹಿರಿತನದ ಪಟ್ಟಿಯಲ್ಲಿ ಕೊನೆಯ ಇಪ್ಪತ್ತೆರಡು ಹೆಸರುಗಳಿಗೆ ಕೆಲಸವಿಲ್ಲ ಎಂಬುದು ಅದರ ಅರ್ಥ. ಆ ಪಟ್ಟಿಯ ಕಟ್ಟಕಡೆಯ ಹೆಸರು ನನ್ನದು.

ಹೊಸ ವ್ಯವಸ್ಥೆಯ ಇಂಜಿನಿಯರುಗಳು ಬಂದು, ಚಾಲಕರು ಮಾಡುವ ಪ್ರತಿಯೊಂದು ಕೆಲಸವನ್ನೂ ಬರೆದುಕೊಡಬೇಕೆಂದು ಕೇಳಿದರು. ಆ ಪಟ್ಟಿಯನ್ನು ಸಿದ್ಧಗೊಳಿಸುವ ಹೊಣೆಯನ್ನು ಮೇಷ್ಟ್ರು ಹೊತ್ತುಕೊಂಡಾಗ ವಿಶ್ರಾಂತಿ ಕೊಠಡಿಯಲ್ಲಿ ಕಾವೇರಿತು. ನಾವು ‘ಸೀಟಿ’ ಎಂದು ಕರೆಯುತ್ತಿದ್ದ ಹಿರಿಯ ಚಾಲಕರೊಬ್ಬರು ಎಲ್ಲರೆದುರಿಗೇ ಕೇಳಿದರು: “ಮೇಷ್ಟ್ರೇ, ನಮ್ಮ ಕತ್ತಿಗೆ ಹಗ್ಗ ಹೊಸೆಯೋ ಕೆಲಸ ನಿಮಗೇ ಸಿಗಬೇಕಿತ್ತಾ?”

“ಹೊಸೆಯೋರು ನಾನಿಲ್ಲದಿದ್ರೂ ಹೊಸೀತಾರೆ ಕಣಪ್ಪಾ. ಗಂಟು ಎಲ್ಲಿ ಹಾಕ್ತಾರೆ ಅಂತ ನೋಡೋಕೆ ಪಕ್ಕದಲ್ಲಿ ಒಬ್ಬ ಬೇಡ್ವಾ?”

“ನೋಡಿ, ನೋಡಿ. ಗಂಟು ಬಿಗಿದ ಮೇಲೆ ನಮಗೂ ಒಂದು ಮಾತು ಹೇಳಿ.”

ಹೀಗೆ ಮಾತು ಕೇಳಿಸಿಕೊಂಡೇ ಅವರು ಪಟ್ಟಿ ಮಾಡಿದರು. ಬೆಳಗಿನ ಬ್ರೇಕ್ ಪರೀಕ್ಷೆ, ಸಿಗ್ನಲ್ಲು, ವೇಗ, ಗೆರೆ, ಬಾಗಿಲು, ಘೋಷಣೆ ಎಲ್ಲವೂ ಅದರಲ್ಲಿದ್ದವು. ನಾವೆಲ್ಲ ಓದಿ ಸಹಿ ಹಾಕಿದೆವು.

ಪರೀಕ್ಷಾ ಓಟದ ದಿನ ಕಚೇರಿಯ ಸಿಬ್ಬಂದಿಯೇ ಪ್ರಯಾಣಿಕರು. ಮೂರನೆಯ ನಿಲ್ದಾಣದಲ್ಲಿ ಲೆಕ್ಕಪತ್ರ ವಿಭಾಗದ ಅಕ್ಕ ಒಬ್ಬರು ಎಲ್ಲರಿಗಿಂತ ಕೊನೆಯಲ್ಲಿ ಇಳಿದರು. ಅವರ ಹೆಗಲಿನ ಚೀಲದ ಪಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿತು. ತೆಳುವಾದ ಪಟ್ಟಿ, ಬಾಗಿಲಿಗೆ ಅದು ತಿಳಿಯಲಿಲ್ಲ. ಬಾಗಿಲು ಮುಚ್ಚಿದೆಯೆಂದು ದೀಪ ತೋರಿಸಿತು, ರೈಲು ಹೊರಟಿತು. ಆ ಅಕ್ಕ ರೈಲಿನ ಪಕ್ಕ ನಾಲ್ಕು ಹೆಜ್ಜೆ ಓಡಿ, ಮುಗ್ಗರಿಸಿ ಬಿದ್ದರು. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಮೇಷ್ಟ್ರು ಕಂಬದಲ್ಲಿದ್ದ ತುರ್ತು ಗುಂಡಿಯನ್ನು ಅಷ್ಟರಲ್ಲಿ ಒತ್ತಿದ್ದರಿಂದ ಮಂಡಿ ತರಚಿದ್ದರಲ್ಲೇ ಮುಗಿಯಿತು.

ಇಂಜಿನಿಯರುಗಳು ಕಂಪ್ಯೂಟರಿನಲ್ಲಿ ಹುಡುಕಿದರು. ಅಲ್ಲಿ ಯಾವ ದೋಷವೂ ಇರಲಿಲ್ಲ. ಪಟ್ಟಿಯಲ್ಲಿ ಬರೆದುಕೊಟ್ಟ ಎಲ್ಲವನ್ನೂ ಯಂತ್ರ ಚಾಚೂ ತಪ್ಪದೆ ಮಾಡಿತ್ತು. ಸೀಟಿಯವರಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾದಂತಿತ್ತು. “ನೋಡಿದ್ರಾ, ಯಂತ್ರದ ಹಣೆಬರಹ ಇಷ್ಟೇ” ಎಂದರು.

“ಯಂತ್ರದ್ದಲ್ಲ, ನಮ್ಮದು” ಎಂದರು ಮೇಷ್ಟ್ರು. “ಹೊರಡೋಕೆ ಮುಂಚೆ ನಾವೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದೆ ನೋಡ್ತಿದ್ವಿ. ಬರೆದ್ವಾ?”

ಯಾರೂ ಬರೆದಿರಲಿಲ್ಲ. ನಿಯಮ ಪುಸ್ತಕದಲ್ಲೂ ಅದಿರಲಿಲ್ಲ. ಅರವತ್ತೆರಡು ಜನರಿಗೂ ಕಲಿಸಿದವರು ಅವರೇ, ಅರವತ್ತೆರಡು ಜನ ದಿನಕ್ಕೆ ನೂರು ಸಲ ಮಾಡುತ್ತಿದ್ದದ್ದೂ ಅದೇ. ಉಸಿರಾಡುತ್ತೇವೆಂದು ಯಾರಾದರೂ ಕೆಲಸದ ಪಟ್ಟಿಯಲ್ಲಿ ಬರೆಯುತ್ತಾರೆಯೇ? ಮೇಷ್ಟ್ರು ಆ ದಿನವೇ ಮೇಲಧಿಕಾರಿಗಳಿಗೆ ಪತ್ರ ಬರೆದು ತಪ್ಪು ತಮ್ಮದೆಂದು ಒಪ್ಪಿಕೊಂಡರು. ಕೆಲಸ ಮಾಡುವವರನ್ನು ಕೇಳಿ ತಿಳಿಯುವುದು ಸಾಲದು, ಪಕ್ಕದಲ್ಲಿ ಕೂತು ನೋಡಬೇಕು ಎಂದು ಅದೇ ಪತ್ರದಲ್ಲಿ ಹೇಳಿದರು.

ಆಮೇಲಿನ ಎರಡು ತಿಂಗಳು ಪ್ರತಿ ಚಾಲಕರ ಹಿಂದೆಯೂ ಒಬ್ಬ ಇಂಜಿನಿಯರು ಕೂತರು. ಮೆಟ್ಟಿಲಿಳಿದು ಓಡಿಬರುವವರನ್ನು ಕಂಡರೆ ಬಾಗಿಲನ್ನು ಅರೆಗಳಿಗೆ ತಡೆಯುವುದು, ಊರುಗೋಲಿನವರು ಕಂಬಿ ಹಿಡಿದುಕೊಳ್ಳುವವರೆಗೆ ಕಾಯುವುದು, ಆಸ್ಪತ್ರೆಯ ನಿಲ್ದಾಣಕ್ಕೆ ಮೆಲ್ಲಗೆ ಬ್ರೇಕ್ ಹಾಕುವುದು, ಹೀಗೆ ನಮಗೇ ಗೊತ್ತಿರದ ನಮ್ಮ ಕೆಲಸಗಳು ಹೊರಬಿದ್ದವು. ಸ್ವಯಂಚಾಲಿತ ಓಟದ ಉದ್ಘಾಟನೆ ಐದು ತಿಂಗಳು ಮುಂದಕ್ಕೆ ಹೋಯಿತು. ಅದಕ್ಕಾಗಿ ಮೇಷ್ಟ್ರು ಕೇಳಿಸಿಕೊಂಡ ಮಾತುಗಳನ್ನು ಈ ಗ್ರಂಥದಲ್ಲಿ ಬರೆಯುವುದು ಶೋಭೆಯಲ್ಲ.

ಆದರೆ ಅವರು ಆ ಐದು ತಿಂಗಳನ್ನು ಸುಮ್ಮನೆ ಕಳೆಯಲಿಲ್ಲ. ಪ್ರತಿ ಬಾಗಿಲಿಗೂ ಕ್ಯಾಮೆರಾ ಬಂತು. ಕ್ಯಾಮೆರಾ ಬಂದರೆ ಅದನ್ನು ನೋಡಲು ಕಣ್ಣು ಬೇಕು, ಆ ಕಣ್ಣು ರೈಲು ಓಡಿಸಿ ಪಳಗಿದ್ದಾಗಿರಬೇಕು ಎಂದು ವಾದಿಸಿ, ಒಂದೊಂದು ಪಾಳಿಯ ಲೆಕ್ಕವನ್ನೂ ಮೇಜಿನ ಮೇಲಿಟ್ಟು, ನಲವತ್ತಿದ್ದ ಹುದ್ದೆಗಳನ್ನು ಐವತ್ತಕ್ಕೆ, ಐವತ್ತೈದಕ್ಕೆ, ಕೊನೆಗೆ ಅರವತ್ತೊಂದಕ್ಕೆ ತಂದು ನಿಲ್ಲಿಸಿದರು. ಸೀಟಿಯವರು ವಿಶ್ರಾಂತಿ ಕೊಠಡಿಯಲ್ಲಿ ತಾವೇ ಚಹಾ ಮಾಡಿ ಅವರ ಮುಂದಿಟ್ಟರು. ಕ್ಷಮೆ ಕೇಳುವುದು ಅವರ ಜಾಯಮಾನವಲ್ಲ. ಸಕ್ಕರೆ ಮಾತ್ರ ಎರಡು ಚಮಚ ಹೆಚ್ಚು ಹಾಕಿದ್ದರು.

ಉಳಿದದ್ದು ಒಂದು ಹೆಸರು. ಕೊನೆಯ ಸಭೆಗೆ ನನ್ನನ್ನೂ ಕರೆದಿದ್ದರು. ಮುಖ್ಯ ಅಧಿಕಾರಿಗಳು ಸಭ್ಯರೇ. “ಅರವತ್ತೊಂದು ಜನರಿಗೆ ಕೆಲಸ ಸಿಕ್ಕಿದೆ. ಇನ್ನೊಬ್ಬರ ವಿಷಯಕ್ಕೆ ಜಗ್ಗಾಡೋದು ಬೇಡ” ಎಂದರು. ನಾನು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದೆ. ಮನೆಯಲ್ಲಿ ಆಗ ಸಂಬಳ ತರುವವಳು ನಾನೊಬ್ಬಳೇ.

“ಜಗ್ಗಾಡಲ್ಲ ಸಾರ್” ಎಂದರು ಮೇಷ್ಟ್ರು. “ಓಡಿಸೋರೇ ಇಲ್ಲದ ಮೇಲೆ ಓಡಿಸೋದು ಕಲಿಸೋಕೆ ಮುಖ್ಯಸ್ಥ ಯಾಕೆ? ನನ್ನ ಹುದ್ದೆ ರದ್ದು ಮಾಡಿ, ಅದರ ಬದಲು ನಿಯಂತ್ರಣ ಕೊಠಡಿಗೆ ಒಂದು ಕೊಡಿ. ಬಾಗಿಲು ರಿಪೇರಿಯಲ್ಲಿ ಒಬ್ಬ ಮೆಕ್ಯಾನಿಕ್ ಕಡಿಮೆ ಇದ್ದಾನೆ. ಈ ಹುಡುಗಿ ಹತ್ರ ಅದರ ಸರ್ಟಿಫಿಕೇಟ್ ಇಲ್ಲ, ನನ್ನ ಹತ್ರ ಇದೆ.”

ಹೀಗೆ ತರಬೇತಿ ಮುಖ್ಯಸ್ಥರೊಬ್ಬರು ಐವತ್ನಾಲ್ಕನೆಯ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿದು, ತಾವೇ ಕಲಿಸಿದ ಹುಡುಗನೊಬ್ಬ ಮೇಲ್ವಿಚಾರಕನಾಗಿದ್ದ ವಿಭಾಗದಲ್ಲಿ ಕೆಳಗಿನ ದರ್ಜೆಯ ಕೆಲಸಕ್ಕೆ ನಿಂತರು. ಮನೆಯಲ್ಲಿ ಎರಡು ತಿಂಗಳು ಹೇಳಿರಲಿಲ್ಲವಂತೆ. ಕೊನೆಗೆ ಮಗಳು, “ಅಪ್ಪಾ, ಪಾಠ ಹೇಳೋರ ಅಂಗಿಗೆ ಗ್ರೀಸ್ ಹೇಗೆ ಹತ್ತುತ್ತೆ?” ಎಂದು ಹಿಡಿದು ಕೇಳಿದ ಮೇಲೆ ಬಾಯಿಬಿಟ್ಟರಂತೆ. ಈ ಆರು ವರ್ಷಗಳಲ್ಲಿ ನಮ್ಮ ರೈಲುಗಳ ಬಾಗಿಲಂಚಿನ ರಬ್ಬರು ಅವರ ಕೈಯಲ್ಲಿ ಎರಡು ಸಲ ಬದಲಾಗಿ, ಈಗ ತೆಳುವಾದ ದಾರ ಸಿಕ್ಕಿದರೂ ಬಾಗಿಲು ತೆರೆದುಕೊಳ್ಳುತ್ತದೆ.

ನಿಯಂತ್ರಣ ಕೊಠಡಿಯ ಹೊಸ ಕೆಲಸಕ್ಕೆ ಸೇರಿದ ವಾರ ನಾನು ರಿಪೇರಿ ವಿಭಾಗಕ್ಕೆ ಹೋಗಿ ನಿಂತೆ. “ನನಗೋಸ್ಕರ ಯಾಕೆ ಮೇಷ್ಟ್ರೇ?” ಎಂದಷ್ಟೇ ಕೇಳಿದೆ. ಅವರು ತಲೆಯೆತ್ತದೆ, “ನಿನಗೋಸ್ಕರ ಅಲ್ಲಮ್ಮಾ. ಪಟ್ಟಿಯ ಕೊನೇಲಿ ಸೀಟಿ ಇದ್ದಿದ್ರೂ ಇದೇ ಮಾಡ್ತಿದ್ದೆ. ಸ್ವಲ್ಪ ಗೊಣಗಿಕೊಂಡು ಮಾಡ್ತಿದ್ದೆ” ಎಂದರು. ಆಗ ಒಂದಿಷ್ಟು ನೋವಾಯಿತು. ಅದು ನನ್ನ ಮೇಲೆ ಋಣದ ಭಾರ ಹೊರಿಸದಿರಲು ಹೇಳಿದ ಮಾತಲ್ಲ, ಅವರಿದ್ದದ್ದೇ ಹಾಗೆ ಎಂದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ಈಗ ನಗರದ ಎರಡನೆಯ ಮಾರ್ಗವೂ ಚಾಲಕರಿಲ್ಲದೆ ಓಡಲು ಸಿದ್ಧವಾಗುತ್ತಿದೆ. ಅಲ್ಲಿ ನಲವತ್ತೆಂಟು ಚಾಲಕರಿದ್ದಾರೆ. ಇಲ್ಲಿಯವರೆಗೆ ಒಪ್ಪಿಗೆಯಾಗಿರುವ ಹುದ್ದೆಗಳು ನಲವತ್ತೈದು. ಚಾಲಕರ ಪರವಾಗಿ ಮಾತನಾಡುವ ಹೊಣೆಯನ್ನು ಈ ಸಲ ನನಗೆ ವಹಿಸಿದ್ದಾರೆ. ಹೋದ ವಾರ ಮೇಷ್ಟ್ರನ್ನು ಕಂಡು, ಬರುತ್ತೀರಾ ಎಂದು ಕೇಳಿದೆ. “ಬಿಟ್ಟುಕೊಡೋಕೆ ನನ್ನ ಹತ್ರ ಇನ್ನು ಹುದ್ದೆ ಇಲ್ಲ ನೋಡು. ಬಂದು ಪಕ್ಕದಲ್ಲಿ ಕೂರ್ತೀನಿ, ಮಾತಾಡೋಳು ನೀನೇ” ಎಂದರು.

ನಮ್ಮ ಮೇಷ್ಟ್ರು ನೂರು ಕಾಲ ಸುಖವಾಗಿರಲಿ, ಅವರ ಕಣ್ಣೂ ಕಿವಿಯೂ ಈಗಿರುವಷ್ಟೇ ಚುರುಕಾಗಿರಲಿ, ವಿಶ್ರಾಂತಿ ಅವರಿಗೆ ಬೇಕೆನಿಸಿದಾಗ ಮಾತ್ರ ಸಿಗಲಿ ಎಂದು ಅರವತ್ತೆರಡು ಮಂದಿಯ ಪರವಾಗಿ ಹಾರೈಸುತ್ತೇನೆ. ಸಭೆ ಬರುವ ಮಂಗಳವಾರ, ಬೆಳಗ್ಗೆ ಹತ್ತಕ್ಕೆ. ಇನ್ನೂ ಮೂರು ಹೆಸರುಗಳು ಉಳಿದಿವೆ.