ರೋಟರಿಗೆ ಮೆತ್ತಿದ ಗಂಧ

ಯತಿರಾಜ ಬಾಯಿ ಬಿಟ್ಟರೆ ಬರೀ ಜಂಬ. ಮೈಸೂರು ಬಿಟ್ಟು ದೋಹಾಕ್ಕೆ ಬಂದು ವಿಮಾನದ ತಿರುಗುವ ಭಾಗಗಳ ರಿಪೇರಿ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆದ, ಅಷ್ಟೇ. ಆಡುವುದು ಮಾತ್ರ ಆಕಾಶದ ವಿಮಾನಗಳನ್ನೆಲ್ಲ ತಾನೇ ಹೊತ್ತು ನಿಂತವನ ಹಾಗೆ. ಅಲ್ ಥುಮಾಮಾ ಬಡಾವಣೆಯ ತನ್ನ ಮನೆಯ ಮೇಲೆ ವಿಮಾನ ಹೋದಾಗಲೆಲ್ಲ ಬೆರಳೆತ್ತಿ, "ಅಂಗೈಯಗಲದ ರೋಟರ್ ಸ್ವಾಮಿ! ಒಂದು ಕಡೆ ಅಕ್ಕಿಕಾಳಿನಷ್ಟು ಭಾರ ಜಾಸ್ತಿಯಾದ್ರೂ ತಿರುಗೋ ವೇಗಕ್ಕೆ ಅದುರಿ ಅದುರಿ ಹಾಳಾಗತ್ತೆ" ಎಂದು ನೆಂಟರಿಗೆ ಪಾಠ ಹೇಳುತ್ತಿದ್ದ. ಕೆಲಸದವರ ಬೆರಳಿನ ಜಿಡ್ಡಿಗೂ ಬೈಯುವ ಆಸಾಮಿ. ಹೆಂಡತಿ ವೇದಾಗೆ ಕೇಳಿ ಕೇಳಿ ಸಾಕಾಗಿತ್ತು.

ಅಂಥ ಮಹಾಶಯ ಆಯುಧಪೂಜೆಯ ಬೆಳಿಗ್ಗೆ ಅವಳ ಕೈಲೇ ಗಂಧ ತೇಯಿಸಿಕೊಂಡು ಹೋದ. ಮ್ಯಾನೇಜರ್ ಕಣ್ಣಿಗೆ ಬೀಳಬಾರದೆಂದು ಒಂದು ರೋಟರಿನ ಒಳಮೈಗೆ ಗಂಧ ಮೆತ್ತಿ, ಮೇಲೆ ಅಕ್ಷತೆ ಅಂಟಿಸಿದ.

"ಆಮೇಲೆ ಒರೆಸಿದ್ರಾ?" ಎಂದು ಸಂಜೆ ವೇದಾ ಕೇಳಿದಳು.

"ದೇವರ ಗಂಧ ಒರೆಸ್ತಾರೇನೇ? ನಿನಗೇನು ಗೊತ್ತು, ಸುಮ್ನಿರು."

ಮರುದಿನ ಅದೇ ರೋಟರನ್ನು ಅವನ ಕೈಕೆಳಗಿನ ಕೆಲಸಗಾರ ಇರ್ಷಾದ್ ತೂಕ ಸರಿಮಾಡುವ ಮಶಿನ್ನಿಗೆ ಹಾಕಿದ. ಉಪ್ಪಿನಂಗಡಿ ಕಡೆಯವನು, ಮಕ್ಕಳೊಂದಿಗ. ಮಶಿನ್ನಿಗೆ ಗಂಧ ಯಾವುದು ಲೋಹ ಯಾವುದು? ಭಾರ ಇರುವ ಕಡೆ ತೋರಿಸಿತು, ಅವನು ಅಲ್ಲಿ ಉಜ್ಜಿ ಲೋಹ ತೆಗೆದ. ಆಮೇಲೆ ತೊಳೆದಾಗ ಗಂಧ, ಅಕ್ಷತೆ ಎರಡೂ ಹೋಗಿ ಆ ಕಡೆ ಹಗುರಾಯಿತು. ಕೊನೆಯ ಪರೀಕ್ಷೆಯಲ್ಲಿ ರೋಟರ್ ಗಡಗಡ ನಡುಗಿ ಗುಜರಿಗೆ ಬಿತ್ತು.

ಕಾರಣ ಹೊಳೆದದ್ದು ಯತಿರಾಜನೊಬ್ಬನಿಗೇ. ಮನೆಗೆ ಬಂದು ಬೆವರುತ್ತ ಹೆಂಡತಿಗೆ ಹೇಳಿಕೊಂಡ. ವರ್ಕ್‌ಶಾಪಿನಲ್ಲಿ ಮಾತ್ರ, ಇರ್ಷಾದ್ ತಪ್ಪು ಜಾಗ ಉಜ್ಜಿದ ಎಂದು ಮ್ಯಾನೇಜರಿಗೆ ಚಾಡಿ ಹೇಳಿ ಬಂದಿದ್ದ.

"ಪಾಪ, ಅವರ ಕೆಲಸ ಹೋಗತ್ತಲ್ರೀ!"

"ಹೋದ್ರೆ ಇನ್ನೊಂದು ಸಿಗತ್ತೆ. ನನ್ನ ಮರ್ಯಾದೆ ಸಿಗತ್ತಾ?"

ಥೂ! ಇಂಥವನಿಗಾ ನಾನು ಗಂಧ ತೇದು ಕೊಟ್ಟಿದ್ದು ಎಂದು ವೇದಾಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯ ರೂಮಿನಿಂದ ಇರ್ಷಾದನ ಫೋನ್. ಯತಿರಾಜ ಠೀವಿಯಿಂದ ಸ್ಪೀಕರ್ ಹಾಕಿದ.

"ಸರ್, ಮಶಿನ್ ತೋರಿಸಿದಲ್ಲೇ ಗ್ರೈಂಡ್ ಮಾಡಿದ್ದು ನಾನು, ಅಲ್ಲಾಹನಾಣೆ. ನನ್ನನ್ನು ಊರಿಗೆ ಕಳಿಸ್ತಾರಂತೆ. ನೀವು ಒಂದು ಮಾತು ಹೇಳಿದ್ರೆ ಮ್ಯಾನೇಜರ್ ಕೇಳ್ತಾರೆ."

"ಖಲಾಸ್ ಇರ್ಷಾದ್, ನಾನೇನೂ ಮಾಡಕ್ಕಾಗಲ್ಲ. ಅಕ್ಕಿಕಾಳಿನಷ್ಟು ಭಾರಾನೂ ಮುಖ್ಯ ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

ವೇದಾ ಫೋನ್ ಕಿತ್ತುಕೊಂಡಳು.

"ಇರ್ಷಾದ್, ನಾನು ಇವರ ಹೆಂಡತಿ ವೇದಾ. ಆ ರೋಟರಿಗೆ ಗಂಧ, ಅಕ್ಕಿಕಾಳು ಎರಡನ್ನೂ ಮೆತ್ತಿದ್ದು ಇವರೇ. ಗಂಧ ತೇದು ಕೊಟ್ಟೋಳು ನಾನು. ನಿಮ್ಮ ಮ್ಯಾನೇಜರ್ ನಂಬರ್ ಹೇಳಿ."

ಮನೆಯ ಮೇಲೆ ವಿಮಾನವೊಂದು ಮೊರೆಯುತ್ತ ಇಳಿಯಿತು. ಯತಿರಾಜ ಬೆರಳೆತ್ತಲಿಲ್ಲ.