ರಿಸ್ತೆನ್ ಅತ್ತಿಗೆಯ ಸೀಳಿದ ಬಾನೆಟ್ಟು

ಪ್ಲಾಸ್ಟಿಕ್ ಸೀಳಿದ ಸದ್ದಿಗೆ ಬೇರೆಯವರು ಬೈದುಕೊಂಡರೆ ನಮ್ಮ ರಿಸ್ತೆನ್ ಅತ್ತಿಗೆಯ ಕಣ್ಣು ಅರಳುತ್ತದೆ. ಉತ್ತರ ನಾರ್ವೆಯ ನಮ್ಮೂರು ಕೌಟೊಕೆಯ್ನೊ ಸುತ್ತಮುತ್ತ, ಹಿಮದ ಮೇಲೆ ಓಡಿಸುವ ಯಾರ ಸ್ನೋಸ್ಕೂಟರ್ ಮರಕ್ಕೆ ಗುದ್ದಿದರೂ ಅದರ ಒಡೆದ ಪ್ಲಾಸ್ಟಿಕ್ ಬಾನೆಟ್ಟು ಅವಳ ಶೆಡ್ಡಿಗೇ ಬರಬೇಕು. ಬೆಸುಗೆ ಕಲಿಸಿದವರು ಯಾರೂ ಇಲ್ಲ. ಚಿಕ್ಕವಳಿದ್ದಾಗ ಅಪ್ಪನ ಮೀನಿನ ಡಬ್ಬ ಒಡೆದು, ಬೈಗುಳಕ್ಕೆ ಹೆದರಿ, ಕಾದ ಚಾಕುವಿನಿಂದ ಬೆಸೆದಿದ್ದೇ ಮೊದಲ ಪಾಠ. ಆಮೇಲೆ ಮೂವತ್ತು ವರ್ಷ ಗಂಡಸರಿಗೆ ಸರಿಸಮನಾಗಿ ನಮ್ಮ ಹಿಮಸಾರಂಗದ ಹಿಂಡು ಕಾಯ್ದಳು. ಮಂಡಿ ಕೆಟ್ಟ ಮೇಲೆ ಎರಡು ವಸಂತ ಮನೆಯಲ್ಲಿ ಉಳಿದಳು. ಹಿಂಡು ಬೇಸಿಗೆಯ ಮೇವಿಗೆ ಕರಾವಳಿಗೆ ಹೊರಟ ದಿನ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಈ ವರ್ಷ ಮಂಡಿ ವಾಸಿಯಾಗಿತ್ತು. "ನಾನೂ ಹಿಂಡಿನ ಜೊತೆ ಬರ್ತೀನಿ" ಎಂದು ಊರಿಗೆಲ್ಲ ಸಾರಿಕೊಂಡು ಬಂದಳು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಏನು ಮಾಡಿದಳು? ತನ್ನ ಸ್ಕೂಟರನ್ನು ತಾನೇ ಬೇಲಿಯ ಕಂಬಕ್ಕೆ ಗುದ್ದಿದಳು! ಬಾನೆಟ್ಟು ದೀಪದಿಂದ ಗಾಜಿನವರೆಗೆ ಸೀಳಿತ್ತು.

ಅವಳ ತಮ್ಮ, ನನ್ನ ಗಂಡ ಮಿಕ್ಕಲ್, ಸೀಳಿನೊಳಗೆ ಕೈ ತೂರಿಸಿ ತೋರಿಸಿದ. "ನೋಡಕ್ಕಾ, ಇದ್ರಲ್ಲಿ ಪುಡಿ ಹಿಮ ನುಗ್ಗಿದ್ರೆ ಎಂಜಿನ್ ಬೆಲ್ಟ್ ನೆನೆದು ಜಾರತ್ತೆ, ಗಾಡಿ ನಿಲ್ಲತ್ತೆ. ಬೆಟ್ಟದ ಮಧ್ಯೆ ನಿನ್ನ ಗಾಡಿ ಎಳ್ಕೊಂಡು ಹೋಗಕ್ಕಾಗಲ್ಲ. ನೀನು ರಸ್ತೇಲಿ ಇವಳ ಜೊತೆ ವ್ಯಾನಲ್ಲಿ ಬಾ."

"ಪಾತ್ರೆ ಪಡಗದ ಜೊತೆಗಾ?"

"ಸಂಜೆ ಒಳಗೆ ಸರಿ ಮಾಡು, ನಾನೇ ಗುದ್ದಿ ನೋಡ್ತೀನಿ. ತಡ್ಕೊಂಡ್ರೆ ಬಾ."

"ಮೊದ್ಲು ಕೈ ಗಟ್ಟಿ ಮಾಡ್ಕೊಂಡು ಬಾ ಹೋಗೋ!"

ಶೆಡ್ಡಿನಲ್ಲಿ ಬಾನೆಟ್ಟು ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಸೀಳು ಮುಂದಕ್ಕೆ ಓಡದಂತೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದಳು. ಸೀಳಿನುದ್ದಕ್ಕೂ ಚಾಕುವಿನಿಂದ ಕಾಲುವೆ ತೋಡಿದಳು. ಅದೇ ಜಾತಿಯ ಹಳೆಯ ಬಾನೆಟ್ಟಿನಿಂದ ಪಟ್ಟಿ ಕತ್ತರಿಸಿ, ಕಾದ ಕಬ್ಬಿಣದಿಂದ ಕರಗಿಸಿ ತುಂಬಿದಳು. ಎಷ್ಟು ಚೆಂದದ ಬೆಸುಗೆ! ಆರಿದ ಮೇಲೆ ಉಗುರಿನಿಂದ ಮೀಟಿದಳು ನೋಡಿ, ಪಟ್ಟಿ ಇಡಿಯಾಗಿ ಎದ್ದು ಬಂತು.

ಮತ್ತೆ ತುಂಬಿದಳು. ಮತ್ತೆ ಎದ್ದಿತು. ಅವಳ ಬಾಯಲ್ಲಿ ಬರಬಾರದ ಮಾತೆಲ್ಲ ಬಂತು. ವ್ಯಾನಿನಲ್ಲಿ ನನ್ನ ಪಕ್ಕ ಮೂತಿ ಉಬ್ಬಿಸಿಕೊಂಡು ಕೂತ ಅತ್ತಿಗೆಯನ್ನು ನೆನೆದೇ ನಾನು ಬಾನೆಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಅಷ್ಟರಲ್ಲಿ ನಮ್ಮ ನಾಯಿ ಒಳಗೆ ಬಂದು, ಬೆಚ್ಚಗಿದ್ದ ಬಾನೆಟ್ಟನ್ನು ಮೂಸಿ, ಚಪ್ಪರಿಸಿಕೊಂಡು ನೆಕ್ಕತೊಡಗಿತು.

"ಅತ್ತಿಗೆ, ಮಾಂಸದ ಸಾರು ಕುದಿಯೋ ವಾಸನೆ ಬರ್ತಿದೆಯಲ್ಲ?" ಎಂದೆ.

ಅವಳು ಹಣೆ ಚಚ್ಚಿಕೊಂಡಳು. "ಕೊಬ್ಬು ಕಣೇ! ಕೊಬ್ಬು!"

ನಮ್ಮ ಮನೆಯವರಿಗೊಂದು ಚಾಳಿ. ಹಿಮ ಅಂಟದೆ ಜಾರಲೆಂದು ಚಳಿಗಾಲವಿಡೀ ಬಾನೆಟ್ಟಿಗೆ ಸಾರಂಗದ ಕೊಬ್ಬು ತಿಕ್ಕುತ್ತೇವೆ. ಅದು ಸೀಳಿನೊಳಗೂ ಇಳಿದಿತ್ತು. ಕೊಬ್ಬಿನ ಮೇಲೆ ಬೆಸುಗೆ ಕೂರುವುದುಂಟೇ? ಬೇರೆಯವರ ಬಾನೆಟ್ಟನ್ನು ತೊಳೆಯದೆ ಮುಟ್ಟದ ಅತ್ತಿಗೆ, ತನ್ನದು ಚೊಕ್ಕಟವಾಗಿಯೇ ಇರುತ್ತದೆಂದು ಹಾಗೇ ಕೆಲಸಕ್ಕೆ ಕೂತಿದ್ದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸೋಪು ನೀರಲ್ಲಿ ತೊಳೆದೆವು, ಸ್ಪಿರಿಟ್ಟಿನಿಂದ ಒರೆಸಿದೆವು, ಹೊಸ ಪ್ಲಾಸ್ಟಿಕ್ ಕಾಣುವವರೆಗೆ ಕೆರೆದೆವು. ಮೂರನೆಯ ಬೆಸುಗೆ ಗಟ್ಟಿಯಾಗಿ ಕೂತಿತು. ಒಳಮೈಗೆ ಉಕ್ಕಿನ ಜಾಲರಿ ಒತ್ತಿ, ಬಾನೆಟ್ಟನ್ನು ಗಾಡಿಗೆ ಕೂರಿಸಿ, ಚಳಿಯಲ್ಲಿ ಹೊರಗೆ ನಿಲ್ಲಿಸಿದೆವು.

ಸಂಜೆ ಮಿಕ್ಕಲ್ ಬಂದ. ಮುಷ್ಟಿಯಿಂದ ಗುದ್ದಿದ. ಬೆಸುಗೆ ಅಲ್ಲಾಡಲಿಲ್ಲ. ಮಂಡಿಯಿಂದ ಗುದ್ದಿದ. ಊಹೂಂ. ಕೊನೆಗೆ ಬಾನೆಟ್ಟಿನ ಮೇಲೆ ಹತ್ತಿ ಕೂತೇಬಿಟ್ಟ.

"ಸಾಕಿಳಿಯೋ! ಮೊಟ್ಟೆ ಇಡ್ತೀಯಾ?" ಎಂದಳು ಅತ್ತಿಗೆ.

ಮಿಕ್ಕಲ್ ಇಳಿದ. ಬೆಸುಗೆಯ ಮೇಲೊಮ್ಮೆ ಬೆರಳಾಡಿಸಿ, ತೀರ್ಪು ಕೊಡದೆ ಮನೆಯೊಳಗೆ ಹೋದ. ಅವತ್ತು ಮಲಗುವವರೆಗೂ ಅತ್ತಿಗೆ ಒಂದೆಡೆ ನಿಲ್ಲಲಿಲ್ಲ.

ಮರುದಿನ ಹಿಂಡು ಹೊರಡುವ ಹೊತ್ತಾಯಿತು. ಕೊರಳಿಗೆ ಗಂಟೆ ಕಟ್ಟಿದ ಸಾರಂಗವನ್ನು ಮುಂದಿನ ಗಾಡಿಗೆ ಕಟ್ಟುತ್ತೇವೆ, ಮಿಕ್ಕವೆಲ್ಲ ಅದರ ಹಿಂದೆ. ಆ ಗಾಡಿ ನಿಂತರೆ ಹಿಂಡೇ ನಿಲ್ಲುತ್ತದೆ. ಮಾವ, ಅಂದರೆ ಇವರಿಬ್ಬರ ಅಪ್ಪ, ತೀರಿಹೋದ ಮೇಲೆ ಆ ಹಗ್ಗವನ್ನು ಮಿಕ್ಕಲ್ ತನ್ನ ಗಾಡಿಗಲ್ಲದೆ ಯಾರದಕ್ಕೂ ಕಟ್ಟಿದವನಲ್ಲ. ಅವತ್ತು ಹಗ್ಗ ಹಿಡಿದು ತನ್ನ ಗಾಡಿ ದಾಟಿ ಹೋದ. ಅಕ್ಕನ ಗಾಡಿಯ ಹಿಂದೆ ಬಗ್ಗಿ ಗಂಟು ಹಾಕಿದ.

"ಜೋರಾಗಿ ಓಡಿಸ್ಬೇಡಕ್ಕಾ, ಹಿಂಡಲ್ಲಿ ಗಬ್ಬದವು ಇವೆ."

"ನಂಗೆ ಹೇಳ್ಕೊಡ್ತೀಯೇನೋ?" ಎಂದು ರೇಗಿ, ಗಾಡಿ ಏರಿ ಚಾಲೂ ಮಾಡಿದಳು.

ಗಂಟೆ ಸದ್ದು ಮಾಡಿತು. ಇಡೀ ಹಿಂಡು ರಿಸ್ತೆನ್ ಅತ್ತಿಗೆಯ ಹಿಂದೆ ಹೊರಟಿತು.